ಅಕ್ಕನ ಮೆಷಿನ್ನಿನ ಹಿಂಬದಿ

ಕಲ್ಯ
ಭಾನುವಾರ, ೯ ನವೆಂಬರ್ ೨೦೨೫

ಹಫೀಜಾ ಅವರಿಗೆ,

ಸಂಜೆ ಐದೂವರೆ. ಬೆಳಿಗ್ಗೆ ಹೊಲಕ್ಕೆ ಹೋಗಿ ರಾಗಿ ತೆನೆ ನೋಡಿ ಬಂದೆ, ಕೊಯ್ಲಿಗೆ ಇನ್ನೊಂದು ವಾರ ಬೇಕು. ಮಧ್ಯಾಹ್ನ ಮಾಗಡಿಗೆ ಹೋಗಿ ಅಂಗಡಿಯ ಬಾಗಿಲು ತೆಗೆದು, ಕಸ ಗುಡಿಸಿ, ಮತ್ತೆ ಬಾಗಿಲು ಹಾಕಿಕೊಂಡು ಬಂದೆ. ಈ ದಿನ ಆದದ್ದು ಇಷ್ಟೇ.

ನಾನು ದೇವರಾಜು, ಸುಚಿತ್ರಾಳ ತಮ್ಮ. ಅಕ್ಕನ ಹನ್ನೊಂದನೇ ದಿನದ ಕಾರ್ಯಕ್ಕೆ ನೀವು ಬಂದಿದ್ದಿರಿ, ಚಪ್ಪರದ ಕಂಬದ ಹತ್ತಿರ ನಿಂತಿದ್ದು ಊಟ ಮಾಡದೆ ಹೋದಿರಿ ಎಂದು ನನ್ನ ಹೆಂಡತಿ ಧನಲಕ್ಷ್ಮಿ ಆಮೇಲೆ ಹೇಳಿದಳು. ಆ ದಿನ ನಾನು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ತಪ್ಪು ತಿಳಿಯಬೇಡಿ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ದಾಸಪ್ಪ ಸಿಕ್ಕಿದ. "ಏನ್ಲಾ ದೇವ್ರಾಜ, ನಿಮ್ಮಕ್ಕ ಹೋದ್ಮೇಲೆ ನನ್ ಬ್ಯಾಗು ಹಗುರ ಆಗೋಗೈತೆ ಕಣ್ಲಾ. ರಾಮನಗರದ ಕಂಪ್ಯೂಟರ್ ಮೇಡಮ್ಮಂಗೆ ಒಂದು ಕವರು, ಅವ್ರಿಂದ ನಿಮ್ಮಕ್ಕಂಗೆ ಒಂದು ಕವರು. ಒಂದ್ಸಲ ಒಳಗೆ ಗಿರ್ರ್ ಅಂತಿತ್ತು, ಹಾವೇನೋ ಅಂತ ಸೀಟ್ ಕೆಳಗೆ ಹಾಕ್ಬುಟ್ಟೆ. ನೋಡುದ್ರೆ ಕಂಪ್ಯೂಟರ್ ಫ್ಯಾನು, ಬಸ್ ಕುಲುಕ್ದಂಗೆಲ್ಲ ತಿರುಗ್ತಿತ್ತು!" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಟಿಕೆಟ್ ಕೊಡಬೇಕು ಎಂದು ಹೇಳಿ ಖಾಲಿ ಬಸ್ಸು ಹತ್ತಿದ. ಅವನ ಮಾತು ಕೇಳಿದ ಮೇಲೆ ನಿಮಗೆ ಬರೆಯಬಹುದು ಅನ್ನಿಸಿತು.

ವಿಷಯ ಅಕ್ಕನ ಮೆಷಿನ್ನಿನದು. ಅದು ಈಗ ಏಳುವುದಿಲ್ಲ. ಸ್ವಿಚ್ ಹಾಕಿದರೆ ವಿಂಡೋಸ್ ಗುರುತು ಬರುತ್ತದೆ, ಸ್ವಲ್ಪ ಹೊತ್ತು ಸುತ್ತುತ್ತದೆ, ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇಲ್ಲಿ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. "ಹಳೇ ಪೀಸು ಅಣ್ಣ. ಫಾರ್ಮ್ಯಾಟ್ ಹೊಡೀಬೇಕು. ಹೊಡೆದ್ರೂ ಹೊಸ ವಿಂಡೋಸ್ ಎಳೆಯಲ್ಲ" ಎಂದರು. ಫಾರ್ಮ್ಯಾಟ್ ಅಂದರೇನು ಎಂದು ಕೇಳಿದೆ. "ಒಳಗಿರೋದೆಲ್ಲ ಕ್ಲೀನು" ಎಂದರು. ಮೆಷಿನ್ನನ್ನು ತಬ್ಬಿಕೊಂಡು ವಾಪಸ್ ತಂದು ಅದರ ಜಾಗದಲ್ಲೇ ಇಟ್ಟೆ.

ಅಕ್ಕನ ಟೈಪಿಂಗ್ ಅಂಗಡಿಯನ್ನು ಮತ್ತೆ ತೆಗೆಯಬೇಕು ಎನ್ನುತ್ತಾಳೆ ಧನಲಕ್ಷ್ಮಿ. ಎರಡು ವರ್ಷ ಅಕ್ಕನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಅರ್ಜಿ, ಪಹಣಿ, ಮದುವೆ ಕಾರ್ಡು ಎಲ್ಲ ಕಲಿತಿದ್ದಾಳೆ. "ಬಾಗ್ಲು ಹಾಕ್ಕಂಡು ಮಡಿಕ್ಕಂಡ್ರೆ ಅತ್ತಿಗೆ ವಾಪಸ್ ಬತ್ತಾರಾ? ಇಲಿ ಬತ್ತವೆ ಅಷ್ಟೇ" ಎನ್ನುತ್ತಾಳೆ. ಆ ಕುರ್ಚಿಯಲ್ಲಿ ಇನ್ನೊಬ್ಬರನ್ನು ನೋಡಲು ನನಗೆ ಆಗುವುದಿಲ್ಲ. ಅವಳು ಹೇಳುವುದು ತಪ್ಪು ಎನ್ನಲೂ ಆಗುವುದಿಲ್ಲ.

ಕೇಳಬೇಕಾದದ್ದು ಒಂದೇ. ಒಳಗಿರುವುದನ್ನು ಮುಟ್ಟದೆ ಆ ಮೆಷಿನ್ ನಡೆಸುವ ದಾರಿ ಇದೆಯೇ? ಅಕ್ಕ ಅದರಲ್ಲಿ ಏನೇನು ಮಾಡಿಟ್ಟಿದ್ದಾಳೆ ನನಗೆ ಗೊತ್ತಿಲ್ಲ. ನೋಡಬೇಕು ಅಂತಲೂ ಇಲ್ಲ. ಇರಲಿ ಎಂದು ಮಾತ್ರ.

ನಿಮ್ಮ ನಂಬರು ಇದೆ. ಆದರೆ ಫೋನಿನಲ್ಲಿ ಅಕ್ಕನ ಮಾತು ಬಂದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ, ಆ ಕಡೆಯವರು ಲೈನ್ ಕಟ್ಟಾಯಿತು ಅಂದುಕೊಂಡು ಹಲೋ ಹಲೋ ಎನ್ನುತ್ತಾರೆ. ಬರೆಯುವಾಗ ನಿಲ್ಲಿಸಿ ಮತ್ತೆ ಬರೆಯಬಹುದು.

ನಾಳೆ ಬೆಳಗಿನ ಬಸ್ಸಿಗೆ ಇದನ್ನು ದಾಸಪ್ಪನ ಕೈಗೆ ಕೊಡುತ್ತೇನೆ.

ಇಂತಿ,
ದೇವರಾಜು


ಚನ್ನಪಟ್ಟಣ
ಶುಕ್ರವಾರ, ೧೪ ನವೆಂಬರ್

ದೇವರಾಜಣ್ಣನಿಗೆ,

ನಿಮ್ಮ ಕವರು ಸೋಮವಾರವೇ ಸಿಕ್ಕಿತು. ರಾಮನಗರ ಬಸ್ ಸ್ಟ್ಯಾಂಡಿನಲ್ಲಿ ದಾಸಪ್ಪ ಅದನ್ನು ಎತ್ತಿ ತೋರಿಸಿದಾಗ ಒಂದು ಕ್ಷಣ ಸುಚಿತ್ರಕ್ಕನದ್ದೇ ಎಂದು ಭ್ರಮೆಯಾಯಿತು. ಅದಕ್ಕೇ ಉತ್ತರ ತಡವಾಯಿತು.

ದಾರಿ ಇದೆ ಅಣ್ಣ. ಇದರ ಜೊತೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ. ಅದರಲ್ಲಿ ಲಿನಕ್ಸ್ ಇದೆ. ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವಂಥದ್ದು, ಹಳೆಯ ಮೆಷಿನ್ನುಗಳಿಗೆ ಹಗುರವಾಗಿರುವುದನ್ನೇ ಆರಿಸಿ ಹಾಕಿದ್ದೇನೆ. ಮೆಷಿನ್ ಎದ್ದೇಳುವಾಗ ಒಳಗಿನ ಡಿಸ್ಕಿನ ಕಡೆ ಹೋಗದೆ ಇದರಿಂದಲೇ ಎದ್ದೇಳುವಂತೆ ಮಾಡಬೇಕು. ಮನೆಯ ಬೀಗ ತೆಗೆಯದೆ ಜಗಲಿಯಲ್ಲಿ ಒಲೆ ಹೂಡಿ ಅಡುಗೆ ಮಾಡಿದ ಹಾಗೆ ಅಂದುಕೊಳ್ಳಿ. ಅಡುಗೆಯೂ ಆಗುತ್ತದೆ, ಮನೆಯೊಳಗೆ ಯಾರೂ ಕಾಲಿಡುವುದಿಲ್ಲ.

ಮೆಷಿನ್ ಆರಿಸಿ ಪೆನ್‌ಡ್ರೈವ್ ಚುಚ್ಚಿ. ಸ್ವಿಚ್ ಹಾಕಿದ ಕೂಡಲೇ ಕೀಬೋರ್ಡಿನ ಮೇಲ್ಗಡೆ ಸಾಲಿನಲ್ಲಿ ಎಫ್ ಹನ್ನೆರಡು ಎಂಬ ಕೀ ಇದೆಯಲ್ಲ, ಅದನ್ನು ತಟ್ಟುತ್ತಾ ಇರಿ. ಒತ್ತಿ ಹಿಡಿಯಬೇಡಿ, ಬಾಗಿಲು ತಟ್ಟುವ ಹಾಗೆ ತಟ್ಟಿ. ಎಲ್ಲಿಂದ ಏಳಲಿ ಎಂದು ಮೆಷಿನ್ ಒಂದು ಪಟ್ಟಿ ತೋರಿಸುತ್ತದೆ. ಅದರಲ್ಲಿ ಯುಎಸ್‌ಬಿ ಎಂದಿರುವ ಕಡೆ ಇಳಿದು ಎಂಟರ್ ಒತ್ತಿ. ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕು. ಗಾಬರಿ ಬೀಳಬೇಡಿ.

ಎದ್ದ ಮೇಲೆ 'ಇನ್‌ಸ್ಟಾಲ್' ಎಂದು ಒಂದು ಚಿತ್ರ ಕಾಣುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ.

ನಾನೇ ಬಂದು ಮಾಡಿಕೊಡಬೇಕಿತ್ತು. ಮಾಗಡಿಗೆ ಬರಲು ಸದ್ಯ ಆಗುತ್ತಿಲ್ಲ. ಯಾಕೆ ಎಂದು ಕೇಳಬೇಡಿ.

ನನಗೆ 'ಅವರಿಗೆ' ಎಂದು ಬರೆಯಬೇಡಿ. ಸುಚಿತ್ರಕ್ಕ ಹಫಿ ಎನ್ನುತ್ತಿದ್ದರು.

ಹಫೀಜಾ


ಕಲ್ಯ
ಭಾನುವಾರ, ೨೩ ನವೆಂಬರ್

ಹಫೀಜಾಗೆ,

ಮಧ್ಯಾಹ್ನ ಮೂರು ಗಂಟೆ. ವಾರವೆಲ್ಲ ರಾಗಿ ಕೊಯ್ಲು. ನೆನ್ನೆಗೆ ಮುಗಿದು ಮೆದೆ ಹಾಕಿದ್ದಾಯಿತು. ಇವತ್ತು ಬೆಳಿಗ್ಗೆ ನಾನು ಧನಲಕ್ಷ್ಮಿ ಇಬ್ಬರೂ ಅಂಗಡಿಗೆ ಹೋಗಿದ್ದೆವು.

ಆಗಲಿಲ್ಲ.

ನೀನು ಬರೆದ ಕಾಗದವನ್ನು ಪರದೆಯ ಪಕ್ಕ ಅಂಟಿಸಿಕೊಂಡು ಕೂತೆವು. ತಟ್ಟುವ ಕೆಲಸ ಧನಲಕ್ಷ್ಮಿಯದು, ಸ್ವಿಚ್ ಹಾಕುವುದು ನನ್ನದು. ಮೊದಲ ಸಲ ತಡವಾಯಿತು, ವಿಂಡೋಸಿಗೇ ಹೋಯಿತು. "ಒಸಿ ಬಿರ್ರನೆ ತಟ್ಟೆ" ಎಂದೆ. "ನೀವು ಸ್ವಿಚ್ ಹಾಕೋಕ್ ಮುಂಚೆ ಒಂದು ಮಾತು ಹೇಳಿ, ಕಳ್ಳನ ಥರ ಹಾಕ್‌ಬುಟ್ರೆ ನಂಗೆಂಗ್ ಗೊತ್ತಾಯ್ತದೆ" ಎಂದಳು. ಮೂರನೇ ಸಲಕ್ಕೆ ಪಟ್ಟಿ ಬಂತು. ಹಾರ್ಡ್ ಡಿಸ್ಕ್ ಎಂದಿತ್ತು, ಸಿಡಿ ಎಂದಿತ್ತು. ಯುಎಸ್‌ಬಿ ಎಂದು ಎಲ್ಲೂ ಇರಲಿಲ್ಲ. ಮುಂದೆ ಎರಡು ತೂತುಗಳಿವೆಯಲ್ಲ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದೆವು. ಆಗಲೂ ಇಲ್ಲ. ಪೆನ್‌ಡ್ರೈವ್ ಕೆಟ್ಟಿರಬಹುದು ಎಂದು ವಾಪಸ್ ಕಳಿಸಿದ್ದೇನೆ.

ಬಾಗಿಲು ತೆರೆದದ್ದು ಕಂಡು ಗುಡೇಮಾರನಹಳ್ಳಿಯ ಮುನಿಯಪ್ಪನವರು ಒಳಗೆ ಬಂದರು. ಅಕ್ಕನ ಹಳೆಯ ಗಿರಾಕಿ. "ಸುಚಿತ್ರಮ್ಮ ಇಲ್ವಾ?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ ಅವರಿಗೆ. ಧನಲಕ್ಷ್ಮಿ ಹೇಳಿದಳು. ಅವರು ಬೆಂಚಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಆಗಸ್ಟ್‌ನಾಗೇನಾ? ನಾನು ಮಗಳ ಮನೇಲಿದ್ದೆ ಕಣವ್ವ. ಎದೆ ನೋವಾ? ಅಷ್ಟು ಗಟ್ಟಿ ಹೆಂಗ್ಸು" ಎಂದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಒಂದು ಪಹಣಿ ಬೇಕಾಗಿತ್ತು. ಬೇರೆ ಕಡೆ ತಗಳಕ್ಕೆ ಮನಸಾಗಲ್ಲ. ಮೆಷಿನ್ ಸರಿ ಹೋದ್ಮೇಲೆ ಬತ್ತೀನಿ ಬುಡು" ಎಂದು ಎದ್ದು ಹೋದರು.

ಅವರು ಹೋದ ಮೇಲೆ ಧನಲಕ್ಷ್ಮಿ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ.

ನಾಳೆ ರಾಗಿ ಮೆದೆಗೆ ಟಾರ್ಪಾಲು ಹೊದಿಸಬೇಕು, ಮೋಡ ಆಗಿದೆ.

ಇಂತಿ,
ದೇವರಾಜು


ಚನ್ನಪಟ್ಟಣ
ಭಾನುವಾರ, ೩೦ ನವೆಂಬರ್

ದೇವರಾಜಣ್ಣನಿಗೆ,

ಪೆನ್‌ಡ್ರೈವ್ ಕೆಟ್ಟಿಲ್ಲ. ಆದರೆ ಅದರ ಬಾಯಲ್ಲಿ ಕೆಂಪು ಪುಡಿ ಮೆತ್ತಿಕೊಂಡಿತ್ತು, ಒಳಗಡೆ ಒಂದಿಷ್ಟು ಬಿಳಿ ಪುಡಿ. ಊಟದ ಡಬ್ಬಿಯ ಜೊತೆ ಇಟ್ಟಿದ್ದಿರೋ ಏನೋ, ಖಾರದ ಪುಡಿ ಇರಬಹುದು ಎಂದು ಮೂಸಿ ನೋಡಿದೆ. ರಾಮನಗರದ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಜೊತೆಗೆ ಪಾಠ ಮಾಡುವ ರಮ್ಯಾ ನನ್ನನ್ನು ನೋಡಿ ನಕ್ಕಳು. "ಕುಂಕುಮ ಮೇಡಂ ಅದು. ಬಿಳಿದು ವಿಭೂತಿ. ಇನ್ನೊಂದ್ಸಲ ಮೂಸಿದ್ರೆ ಸೀನು ಬರುತ್ತೆ" ಎಂದಳು.

ಆಗ ನನಗೆ ಒಂದು ಮಾತು ನೆನಪಾಯಿತು. ಸುಚಿತ್ರಕ್ಕನ ಜೊತೆ ಆ ಮೆಷಿನ್ ಸರಿ ಮಾಡುತ್ತಿದ್ದ ದಿನಗಳಲ್ಲಿ ನಾನು ಒಮ್ಮೆ ಮುಂದಿನ ಪೋರ್ಟಿಗೆ ಏನೋ ಚುಚ್ಚಲು ಹೋದೆ. ಕೈ ಹಿಡಿದುಬಿಟ್ಟರು. "ಅಲ್ಲಿ ಬೇಡ ಹಫಿ. ಮುಂದಿನವೆರಡು ನಮ್ಮ ದೇವ್ರಾಜುಂದು. ಹಿಂದಿನವು ನಂದು" ಎಂದರು. ಏನೋ ತಮಾಷೆ ಎಂದು ನಾನೂ ನಕ್ಕೆ. ಅವರು ಬಗ್ಗಿ ಮೇಜಿನ ಹಿಂದೆ ಕೈ ಹಾಕಿ ಚುಚ್ಚಿದರು. ಅವರ ಬೆನ್ನು ನೋವು ನಿಮಗೆ ಗೊತ್ತಲ್ಲ. ನಾನು ಚುಚ್ಚುತ್ತೇನೆ ಎಂದರೆ ಬಿಡುತ್ತಿರಲಿಲ್ಲ.

ಈಗ ನಿಮ್ಮನ್ನೇ ಕೇಳುತ್ತೇನೆ ಅಣ್ಣ. ಆ ಮೆಷಿನ್ನಿಗೆ ಕುಂಕುಮ ಇಡುವವರು ಯಾರು?

ಪೆನ್‌ಡ್ರೈವ್ ಒರೆಸಿ ಕಳಿಸಿದ್ದೇನೆ. ಮುಂದಿನ ತೂತುಗಳಲ್ಲಿ ಪುಡಿ ಅಡ್ಡ ಇರುವುದರಿಂದಲೇ ಮೆಷಿನ್ನಿಗೆ ಅದು ಕಾಣಲಿಲ್ಲ. ಸಿಪಿಯುವಿನ ಹಿಂಬದಿಯಲ್ಲಿ ಅಂಥದೇ ನಾಲ್ಕು ಪೋರ್ಟುಗಳಿವೆ. ಅಲ್ಲಿ ಚುಚ್ಚಿ.

ಹಫೀಜಾ


ಕಲ್ಯ
ಭಾನುವಾರ, ೧೪ ಡಿಸೆಂಬರ್

ಹಫೀಜಾಗೆ,

ಸಂಜೆ ಆರು ಗಂಟೆ. ಬೆಳಿಗ್ಗೆ ಅವರೆಕಾಯಿ ಬಿಡಿಸಿದೆವು. ಆಮೇಲೆ ಅಂಗಡಿಗೆ ಹೋದೆವು. ಈಗ ನಾನು ಪಡಸಾಲೆಯಲ್ಲಿ ಕೂತಿದ್ದೇನೆ, ಧನಲಕ್ಷ್ಮಿ ಅಡುಗೆಮನೆಯಲ್ಲಿದ್ದಾಳೆ. ಮಾತಿಲ್ಲ.

ಮೊದಲು ನಿನ್ನ ಪ್ರಶ್ನೆ. ಕುಂಕುಮ ಇಡುತ್ತಿದ್ದವನು ನಾನೇ.

ಆಯುಧಪೂಜೆಯ ದಿನ ಟಿಲ್ಲರು, ಮೋಟಾರು, ಕುಡುಗೋಲು, ನೇಗಿಲು ಎಲ್ಲದಕ್ಕೂ ಪೂಜೆ ಮುಗಿಸಿ ಕೊನೆಗೆ ತಟ್ಟೆ ಹಿಡಿದುಕೊಂಡು ಮಾಗಡಿಗೆ ಹೋಗುತ್ತಿದ್ದೆ. ಅಕ್ಕನಿಗೆ ಮೆಷಿನ್ನೇ ನೇಗಿಲು ತಾನೆ. ಅವಳು ಗಂಡನ ಮನೆ ಬಿಟ್ಟು ಬಂದ ಮೇಲೆ ತನ್ನ ಕಾಲ ಮೇಲೆ ನಿಂತದ್ದು ಅದರಿಂದ. ಅದಕ್ಕೆ ಕುಂಕುಮ ಎಲ್ಲಿ ಇಡಬೇಕು ಎಂದು ಮೊದಲ ವರ್ಷ ನನಗೆ ತಿಳಿಯಲಿಲ್ಲ. ಟಿಲ್ಲರಿಗಾದರೆ ಮೂತಿ ಇದೆ. ಸಿಪಿಯು ಡಬ್ಬದಲ್ಲಿ ಮುಖದ ಹಾಗೆ ಕಂಡದ್ದು ಆ ಎರಡು ತೂತುಗಳೇ, ಎರಡು ಕಣ್ಣಿನ ಹಾಗಿವೆ. ಹಣೆ ಎಲ್ಲಿ ಎಂದು ಗೊತ್ತಾಗದೆ ಅವುಗಳ ಮೇಲೆಯೇ ನೀರು ಹಾಕಿ ಕಲಸಿದ ವಿಭೂತಿ ಎಳೆದು, ಗಂಧ ಹಚ್ಚಿ, ಕುಂಕುಮ ಒತ್ತಿ ಇಡುತ್ತಿದ್ದೆ. ಉದುರಿ ಹೋಗದಿರಲಿ ಎಂದು ಹೆಬ್ಬೆಟ್ಟಿನಲ್ಲಿ ಒತ್ತುತ್ತಿದ್ದೆ. ಅಕ್ಕ ಕೈ ಮುಗಿದು ನಿಂತಿರುತ್ತಿದ್ದಳು. "ಇನ್ನೊಸಿ ಇಡೋ, ದೇವ್ರಿಗೆ ದೂರದಿಂದ್ಲೂ ಕಾಣ್ಲಿ" ಎನ್ನುತ್ತಿದ್ದಳು. ನಾನು ಇನ್ನಷ್ಟು ಇಡುತ್ತಿದ್ದೆ.

ಅವಳು ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ಮೇಜಿನ ಹಿಂದೆ ಬಗ್ಗುವುದನ್ನು ಎಷ್ಟು ಸಲ ನೋಡಿದ್ದೇನೆ. ಮೇಜು ಗೋಡೆಗೆ ಒತ್ತಿಕೊಂಡಿದೆ, ಕೈ ತೂರುವುದೇ ಕಷ್ಟ. "ಏನಕ್ಕಾ, ಏನಾರ ಬಿದ್ದೋಯ್ತಾ?" ಎಂದು ಕೇಳಿದರೆ, "ಏನಿಲ್ಲ ಕಣೋ, ನೀನು ಟೀ ಹೇಳೋಗು" ಎನ್ನುತ್ತಿದ್ದಳು. ಟೀ ಹೇಳಲು ಹೋಗುತ್ತಿದ್ದೆ.

ಈ ವರ್ಷ ನಮಗೆ ಹಬ್ಬವಿಲ್ಲ. ಪೂಜೆ ಮಾಡಲಿಲ್ಲ. ಅಲ್ಲಿರುವುದು ಹೋದ ವರ್ಷದ ಕುಂಕುಮ.

ಇನ್ನು ಅಂಗಡಿಯಲ್ಲಿ ಆದದ್ದು. ಹಿಂದೆ ಚುಚ್ಚಿದ ಕೂಡಲೇ ಪಟ್ಟಿಯಲ್ಲಿ ಯುಎಸ್‌ಬಿ ಬಂತು. ಇದು ಹೋದ ಭಾನುವಾರದ ಮಾತು, ಆಗ ನಿನಗೆ ಬರೆಯಲಿಲ್ಲ. ಯಾವ ಭಾಷೆ ಎಂದು ಅದೇ ಕೇಳಿತು, ಕನ್ನಡ ಆರಿಸಿದೆವು. ನೀಲಿ ಪರದೆ ಬಂದಾಗ ಧನಲಕ್ಷ್ಮಿ ಚಪ್ಪಾಳೆ ತಟ್ಟಿದಳು. ಅಕ್ಕನ ಕುರ್ಚಿಯಲ್ಲಿ ಕೂತು ಕುಲದೇವರ ಹೆಸರು, ನಮ್ಮೂರ ಹೆಸರು, ಆಮೇಲೆ ಮುನಿಯಪ್ಪನವರಿಗೆ ಬೇಕಾಗುವ ಒಂದು ಅರ್ಜಿ ಟೈಪ್ ಮಾಡಿದಳು. ನಾನು ಹೊರಗೆ ಹೋಗಿ ನಿಂತೆ. ಕೀಬೋರ್ಡಿನ ಸದ್ದು ಹೊರಗೆ ಕೇಳುತ್ತದೆ. ಅಕ್ಕನದು ಜೋರು, ಇವಳದು ಮೆಲ್ಲಗೆ.

ಇವತ್ತು ಮತ್ತೆ ಹೋಗಿ ಎಬ್ಬಿಸಿದರೆ ಅವಳು ಬರೆದದ್ದು ಏನೂ ಇಲ್ಲ. ಎಲ್ಲ ಹೋಗಿತ್ತು. "ನಾನು ಬರ್ದಿದ್ದು ಎಲ್ಲೂ ನಿಲ್ಲಲ್ಲ ಅಂದ್ರೆ ನಾನ್ಯಾಕೆ ಇಲ್ಲಿ ಕೂರ್ಬೇಕು? ನಾನೇನು ಇಲ್ಲಿ ನೆಂಟ್ರ ಮನೆಗೆ ಬಂದಿದ್ದೀನಾ?" ಎಂದಳು. ನಾನು ಬಾಗಿಲ ಕಡೆ ಮುಖ ಮಾಡಿದೆ. ತಿರುಗಿ ನೋಡುವಷ್ಟರಲ್ಲಿ ನೀನು ಮುಟ್ಟಬೇಡಿ ಎಂದಿದ್ದ ಆ ಚಿತ್ರವನ್ನು ಒತ್ತಿದ್ದಳು. ಒಂದೊಂದೇ ಪುಟ ಮುಂದೆ ಹೋಗುತ್ತಿತ್ತು. ಒಂದು ಕಡೆ 'ಡಿಸ್ಕ್ ಅಳಿಸಿ' ಎಂದು ಕನ್ನಡದಲ್ಲೇ ಬರೆದಿತ್ತು. ಅಳಿಸಿ ಎನ್ನುವುದನ್ನು ಓದಿದೆ. ಗೋಡೆಯ ಪ್ಲಗ್ಗು ಕಿತ್ತೆಸೆದೆ.

ಆಮೇಲೆ ಆಡಬಾರದ ಮಾತು ಆಡಿದೆ. "ಅವಳು ಹೋಗಿದ್ದು ಸಾಲ್ದಾ ನಿಂಗೆ" ಎಂದೆ. ಅವಳು ಚಪ್ಪಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹಫೀಜಾ, ಒಳಗಿನದು ಇದೆಯೋ ಹೋಯಿತೋ ನನಗೆ ತಿಳಿಯುತ್ತಿಲ್ಲ. ನಿನ್ನ ನಂಬರನ್ನು ಎರಡು ಸಲ ಒತ್ತಿ ಕಟ್ ಮಾಡಿದೆ. ಹೋಯಿತು ಎಂದು ನೀನು ಹೇಳಿದರೆ ಕೇಳಲು ನನ್ನಿಂದ ಆಗುವುದಿಲ್ಲ. ಓದಲು ಆಗಬಹುದು.

ನಾಳೆ ದಾಸಪ್ಪನ ಮೊದಲ ಬಸ್ಸು.

ದೇವರಾಜು


ರಾಮನಗರ ಬಸ್ ಸ್ಟ್ಯಾಂಡ್
ಸೋಮವಾರ, ೧೫ ಡಿಸೆಂಬರ್

ದೇವರಾಜಣ್ಣ,

ಏನೂ ಅಳಿಸಿಲ್ಲ. ಎಲ್ಲ ಇದೆ.

ದಾಸಪ್ಪನನ್ನು ನಿಲ್ಲಿಸಿಕೊಂಡು ಬೆಂಚಿನ ಮೇಲೆ ಬರೆಯುತ್ತಿದ್ದೇನೆ. "ಮೇಡಮ್ಮಾ, ಡ್ರೈವರ್ ಹಾರ್ನ್ ಹೊಡೀತಾವ್ನೆ" ಎನ್ನುತ್ತಿದ್ದಾನೆ, ಹೊಡೆಯಲಿ.

ನೀವು ಓದಿದ್ದು ಬರೀ ಪ್ರಶ್ನೆ. ಹೇಗೆ ಹಾಕಲಿ ಎಂದು ಅದು ಕೇಳುತ್ತಿತ್ತು. ಅದಾದ ಮೇಲೆ ಇನ್ನೂ ಒಂದೆರಡು ಪುಟ ಇವೆ, ಕೊನೆಗೆ ಖಂಡಿತವೇ ಎಂದು ಇನ್ನೊಮ್ಮೆ ಕೇಳುತ್ತದೆ. ಅದಕ್ಕೆ ಹೂಂ ಎನ್ನುವವರೆಗೆ ಡಿಸ್ಕಿನ ತಂಟೆಗೆ ಹೋಗುವುದಿಲ್ಲ. ನಂಬಿಕೆ ಬರದಿದ್ದರೆ ಪೆನ್‌ಡ್ರೈವಿನಿಂದ ಎಬ್ಬಿಸಿ ಫೈಲುಗಳ ಕಿಟಕಿ ತೆರೆಯಿರಿ. ಎಡಗಡೆ ಒಳಗಿನ ಡಿಸ್ಕಿನ ಹೆಸರು ಕಾಣುತ್ತದೆ. ಅದನ್ನು ಒತ್ತಬೇಕಾಗಿಲ್ಲ, ತೆರೆಯಬೇಕಾಗಿಲ್ಲ. ಹೆಸರು ಕಂಡರೆ ಇದೆ ಎಂದೇ ಅರ್ಥ.

ಇನ್ನೊಂದು ಮಾತು. ಪೆನ್‌ಡ್ರೈವಿನಿಂದ ನಡೆಸಿದಾಗ ಬರೆದದ್ದು ಆರಿಸಿದ ಕೂಡಲೇ ಹೋಗುತ್ತದೆ ಎಂದು ನಾನು ನಿಮಗೆ ಹೇಳಬೇಕಿತ್ತು. ನಿಮ್ಮ ಅಕ್ಕನದು ಉಳಿಯಬೇಕು ಎಂದು ನೀವು ಕೇಳಿದಿರಿ, ನಾನು ಅಷ್ಟನ್ನೇ ಯೋಚಿಸಿದೆ. ಧನಲಕ್ಷ್ಮಿಯವರದ್ದು ಎಲ್ಲಿ ಉಳಿಯಬೇಕು ಎಂದು ನೀವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅವರಿಗೂ ಒಂದು ಡಿಸ್ಕ್ ಬೇಕು. ಹೊರಗಿನಿಂದ ಚುಚ್ಚುವಂಥದ್ದು ಒಂದನ್ನು ಹೊಂದಿಸುತ್ತೇನೆ.

ಅಷ್ಟರೊಳಗೆ ಅವರ ಜೊತೆ ಮಾತಾಡಿ ಅಣ್ಣ.

ಹಫೀಜಾ


ಚನ್ನಪಟ್ಟಣ
ಭಾನುವಾರ, ೧೮ ಜನವರಿ ೨೦೨೬

ದೇವರಾಜಣ್ಣನಿಗೆ,

ಸಂಕ್ರಾಂತಿಯ ಎಳ್ಳುಬೆಲ್ಲ ಇಲ್ಲದಿದ್ದರೂ ಅವರೆಕಾಯಿ ಬಂತು. ಒಂದು ಚೀಲ! ಬಸ್ಸಿನ ತುಂಬ ಸೊಗಡು ಹರಡಿ ಪ್ರಯಾಣಿಕರೆಲ್ಲ ಎಲ್ಲಿಯದು ಎಂದು ಕೇಳಿದರಂತೆ. ಅಮ್ಮಿ ಹಿತುಕಿ ಸಾರು ಮಾಡಿದರು. ಚೀಟಿಯಲ್ಲಿ 'ಹೆಸರು ಕಂಡಿತು' ಎಂದು ಎರಡೇ ಪದ ಬರೆದಿದ್ದಿರಿ. ಅಷ್ಟು ಸಾಕಾಯಿತು.

ಜೊತೆಗಿರುವ ಡಬ್ಬಿಯಲ್ಲಿ ಡಿಸ್ಕ್ ಇದೆ, ಅಂಗೈಯಷ್ಟೇ ಇದೆ. ಇಲ್ಲೇ ಎಲ್ಲ ಹಾಕಿ ಕಳಿಸಬಹುದಿತ್ತು. ಆದರೆ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಧನಲಕ್ಷ್ಮಿಯವರು ದಾಸಪ್ಪನ ಬಸ್ಸು ಕಾಯುತ್ತಾ ಕೂರಬಾರದು. ಅವರೇ ಹಾಕಲಿ.

ಪೆನ್‌ಡ್ರೈವಿನಲ್ಲಿರುವ ಲಿನಕ್ಸನ್ನು ಈ ಹೊಸ ಡಿಸ್ಕಿಗೆ ಹಾಕಬೇಕು. ಆಗ ಬರೆದದ್ದು ಉಳಿಯುತ್ತದೆ. ಆದರೆ ಹಾಕುವಾಗ ಮೆಷಿನ್ನಿನಲ್ಲಿ ಎರಡು ಡಿಸ್ಕ್ ಇದ್ದರೆ ಕಣ್ಣು ತಪ್ಪಿ ಒಂದರ ಬದಲು ಇನ್ನೊಂದನ್ನು ಒತ್ತಿಬಿಡಬಹುದು. ಸರಿಯಾದದ್ದನ್ನೇ ಆರಿಸಿದರೂ, ಎಬ್ಬಿಸುವ ಭಾಗವನ್ನು ಮಾತ್ರ ಅದು ಒಳಗಿನ ಡಿಸ್ಕಿನಲ್ಲಿ ಬರೆದು ಬಿಡುವುದುಂಟು. ಅದಕ್ಕೇ ಹೀಗೆ ಮಾಡಿ. ಗೋಡೆಯ ಪ್ಲಗ್ಗು ತೆಗೆಯಿರಿ. ಸಿಪಿಯುವಿನ ಪಕ್ಕದ ತಗಡು ಬಿಚ್ಚಿ. ಒಳಗೆ ಇಟ್ಟಿಗೆಯ ಹಾಗೆ ಕಾಣುವುದು ಹಾರ್ಡ್ ಡಿಸ್ಕು. ಅದಕ್ಕೆ ಕೆಂಪು ಬಣ್ಣದ ಚಪ್ಪಟೆ ವೈರು ಬಂದಿದೆ, ಅದನ್ನು ಮೆಲ್ಲಗೆ ಎಳೆದು ಬಿಡಿಸಿ. ಅಷ್ಟೇ. ಮೆಷಿನ್ನಿಗೆ ಅದು ಕಾಣದಿದ್ದರೆ ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ವೈರನ್ನು ಮತ್ತೆ ಚುಚ್ಚಿ. ಅಲ್ಲಿಂದ ಮುಂದೆ ಎಫ್ ಹನ್ನೆರಡು ತಟ್ಟಿ ಹೊರಗಿನ ಡಿಸ್ಕನ್ನು ಆರಿಸಿದರಾಯಿತು. ಅಕ್ಕನದು ಅವರ ಜಾಗದಲ್ಲಿ, ಧನಲಕ್ಷ್ಮಿಯವರದ್ದು ಅವರ ಜಾಗದಲ್ಲಿ. ಎಂದಾದರೂ ನಿಮಗೆ ನೋಡಬೇಕು ಅನ್ನಿಸಿದರೆ ಒಳಗಿನದನ್ನೂ ಅಲ್ಲಿಂದಲೇ ತೆರೆದು ನೋಡಬಹುದು. ಅನ್ನಿಸದಿದ್ದರೂ ಸರಿ.

ನಾನು ಯಾಕೆ ಬರುತ್ತಿಲ್ಲ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ಹೇಳುತ್ತೇನೆ. ಅಂಗಡಿಯ ಬಾಗಿಲಿಗೆ ಬಂದರೆ, ತಲೆ ಎತ್ತದೆಯೇ "ಬಾ ಹಫಿ, ಕೂತ್ಕೋ, ಇದೊಂದು ಸಾಲು" ಎನ್ನುತ್ತಿದ್ದರು. ಆ ಒಂದು ಸಾಲು ಅರ್ಧ ಗಂಟೆ ಆಗುತ್ತಿತ್ತು. ಬಾಗಿಲಲ್ಲಿ ನಿಂತು ಆ ಮಾತು ಬರದಿದ್ದರೆ ಕಾಲು ಒಳಗಿಡುವುದು ಹೇಗೆ ಎಂದು ಗೊತ್ತಾಗುವುದಿಲ್ಲ.

ಹಫೀಜಾ


ಕಲ್ಯ
ಭಾನುವಾರ, ೮ ಫೆಬ್ರವರಿ

ತಂಗಿ ಹಫೀಜಾಗೆ,

ಸಂಜೆ ಐದು ಗಂಟೆ. ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಹೋದವರು ಈಗ ಬಂದೆವು. ಮಾವು ಹೂ ಬಿಟ್ಟಿದೆ, ದಾರಿಯುದ್ದಕ್ಕೂ ವಾಸನೆ. ಈ ದಿನ ಆದದ್ದನ್ನು ನಿನಗೆ ಪೂರ್ತಿ ಬರೆಯಬೇಕು.

ಧನಲಕ್ಷ್ಮಿಯ ಹತ್ತಿರ ಆಗಲೇ ಮಾತಾಡಿದ್ದೆ. ಏನು ಹೇಳಬೇಕೋ ತಿಳಿಯದೆ ನಿನ್ನ ಬಸ್ ಸ್ಟ್ಯಾಂಡಿನ ಕಾಗದವನ್ನೇ ಅವಳ ಕೈಗೆ ಕೊಟ್ಟಿದ್ದೆ. ಓದಿ, ಮಡಿಸಿ, "ಆ ಹುಡ್ಗಿಗೆ ಒಂದು ಚೀಲ ಅವರೆಕಾಯಿ ಕಳ್ಸಿ" ಎಂದಳು. ನನಗೆ ಅವತ್ತು ಉಪ್ಪಿಲ್ಲದ ಸಾರು ಬಡಿಸಿದಳು. ಉಂಡೆ.

ಇವತ್ತು ತಗಡು ಬಿಚ್ಚಿದವಳು ಅವಳೇ. ಒಳಗೆ ಬೆಕ್ಕಿನ ಮರಿಯಷ್ಟು ಧೂಳು. ಕೆಂಪು ವೈರು ಕಂಡಿತು. "ನೀವೇ ಬಿಡ್ಸಿ. ನಾನ್ ಮುಟ್ಟಲ್ಲಪ್ಪ" ಎಂದು ಹಿಂದೆ ಸರಿದಳು. ಎರಡು ಬೆರಳಲ್ಲಿ ಹಿಡಿದು ಎಳೆದೆ. ಬಿಗಿಯಾಗಿರುತ್ತದೆ ಅಂದುಕೊಂಡಿದ್ದೆ, ಹೂವು ಕಿತ್ತಷ್ಟು ಸಲೀಸಾಗಿ ಬಂತು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದೆ.

ಆಮೇಲೆ ಅವಳು ಪೆನ್‌ಡ್ರೈವಿನಿಂದ ಎಬ್ಬಿಸಿ ಇನ್‌ಸ್ಟಾಲ್ ಚಿತ್ರ ಒತ್ತಿದಳು. ಅದೇ ಪುಟ ಬಂತು, 'ಡಿಸ್ಕ್ ಅಳಿಸಿ'. ಈ ಸಲ ಅದರ ಕೆಳಗೆ ನೀನು ಕಳಿಸಿದ ಡಿಸ್ಕಿನ ಹೆಸರು ಒಂದೇ ಇತ್ತು. ನಾನು ಎರಡು ಸಲ ಓದಿದೆ. ಅವಳೂ ಓದಿದಳು. ಕೊನೆಗೆ ಖಂಡಿತವೇ ಎಂದು ಕೇಳಿದಾಗ ಅವಳು ಕೈ ತೆಗೆದು, "ಈಗ ನೀವು ಹೂಂ ಅನ್ನಿ. ಆಮೇಲೆ ನನ್ನನ್ನ ಅನ್ಬಾರ್ದು" ಎಂದಳು. ಒತ್ತಿದೆ.

ಹಾಕುತ್ತಾ ಇರುವಾಗ ಇಬ್ಬರೂ ಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು. ಮುಗಿದ ಮೇಲೆ ಆರಿಸಿ, ಕೆಂಪು ವೈರನ್ನು ಅದರ ಜಾಗಕ್ಕೆ ಚುಚ್ಚಿದೆ. ತಗಡು ಮುಚ್ಚಿದೆ. ಪೆನ್‌ಡ್ರೈವ್ ತೆಗೆದಿಟ್ಟು, ಸ್ವಿಚ್ ಹಾಕುವ ಮುಂಚೆ "ಹಾಕ್ತಾ ಇದ್ದೀನಿ ಕಣೆ" ಎಂದು ಕೂಗಿ ಹೇಳಿದೆ. ಅವಳು ತಟ್ಟಿದಳು. ಹೊರಗಿನ ಡಿಸ್ಕಿನಿಂದಲೇ ಎದ್ದಿತು. ಅವಳು ತನ್ನ ಹೆಸರು ಬರೆದು ಇಟ್ಟಳು, ಆರಿಸಿದೆವು, ಮತ್ತೆ ಎಬ್ಬಿಸಿದೆವು. ಹೆಸರು ಇತ್ತು. ಅವಳು ಸೆರಗಿನಿಂದ ಕೀಬೋರ್ಡು ಒರೆಸಿದಳು.

ಒಳಗಿನ ಡಿಸ್ಕಿನ ಹೆಸರು ಎಡಗಡೆ ಹಾಗೇ ಇದೆ. ತೆರೆಯಲಿಲ್ಲ. ಅಲ್ಲಿ ಇರಲಿ.

ಹೊರಡುವ ಮುಂಚೆ ಧನಲಕ್ಷ್ಮಿ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದಳು, ಬರುವಾಗಲೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಾಳೆ. ಸಿಪಿಯುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಂದಿನ ತೂತುಗಳಿಗೆ ಬ್ರಷ್ಷು ಹಿಡಿದು, ನನ್ನ ಕಡೆ ನೋಡಿದಳು. ನಾನು ಬೇಡ ಎನ್ನಲಿಲ್ಲ. ನನ್ನ ಮುಖದಲ್ಲಿ ಏನು ಕಂಡಳೋ, ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

"ಬುಡಿ. ನಾನೂ ಹಿಂದಕ್ಕೇ ಹಾಕ್ತೀನಿ. ಅತ್ತಿಗೆ ಹಾಕ್ತಿರ್ಲಿಲ್ವಾ" ಎಂದಳು. ಹೊರಗಿನ ಡಿಸ್ಕಿನ ವೈರು ಗಟ್ಟಿಯಾಗಿದೆಯೋ ನೋಡಲು ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ಮೇಜಿನ ಹಿಂದೆ ಬಗ್ಗಿದಳು.

ನನಗೆ ನೋಡಿಕೊಂಡು ನಿಲ್ಲಲು ಆಗಲಿಲ್ಲ. "ಒಸಿ ಈಚೆ ಬಾ" ಎಂದೆ. ಮೇಜಿನ ಮೇಲಿದ್ದದ್ದನ್ನೆಲ್ಲ ಬೆಂಚಿಗೆ ಇಳಿಸಿದೆವು. ಮೇಜು ಗೋಡೆ ಬಿಟ್ಟು ಬಂದದ್ದು ಇದೇ ಮೊದಲು, ಅದರ ಕಾಲುಗಳ ಗುರುತು ನೆಲದಲ್ಲಿ ಹಳ್ಳವಾಗಿ ಕೂತಿದೆ. ಎಳೆದು ಬಾಗಿಲ ಕಡೆಗೆ ತಿರುಗಿಸಿ ಅಂಗಡಿಯ ನಡುವೆ ನಿಲ್ಲಿಸಿ, ಕೆಳಗಿದ್ದ ಸಿಪಿಯುವನ್ನು ಮೇಜಿನ ಮೇಲೆ ಎತ್ತಿಟ್ಟೆ. ಈಗ ಸಿಪಿಯುವಿನ ಹಿಂಬದಿಗೆ ನೇರ ನಡೆದು ಹೋಗಿ ನಿಂತುಕೊಂಡೇ ಕೈ ಹಾಕಬಹುದು. ಬಗ್ಗಬೇಕಾಗಿಲ್ಲ. ಇಷ್ಟೇ ಕೆಲಸ. ನನ್ನಿಂದ ಯಾವತ್ತಾದರೂ ಆಗಬಹುದಾಗಿದ್ದ ಕೆಲಸ. ಅಕ್ಕ ಏನೂ ಬಿದ್ದಿಲ್ಲ ಎಂದಳು, ನಾನು ಟೀ ಹೇಳಲು ಹೋದೆ.

ಮೇಜು ತಿರುಗಿಸಿದ್ದರಿಂದ ಇನ್ನೊಂದು ಆಗಿದೆ. ಮೊದಲು ಕುರ್ಚಿಯಲ್ಲಿ ಕೂತವರ ಬೆನ್ನು ಬಾಗಿಲಿಗೆ ಇರುತ್ತಿತ್ತು. ಅದಕ್ಕೇ ಅಕ್ಕ ತಲೆ ಎತ್ತದೆ ನಿನ್ನನ್ನು ಕರೆಯುತ್ತಿದ್ದಳು, ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳು. ಈಗ ಕೂತವರ ಮುಖ ಬಾಗಿಲಿಗೇ ಇದೆ. ಯಾರು ಬಂದು ನಿಂತರೂ ಧನಲಕ್ಷ್ಮಿಗೆ ಕಾಣುತ್ತದೆ. ನೀನು ಬಾ ಎಂದು ನಾನು ಹೇಳುತ್ತಿಲ್ಲ. ಹೀಗೆ ಆಗಿದೆ ಎಂದು ಬರೆದೆ.

ಕುಂಕುಮ ಹಾಗೇ ಇದೆ.

ಪೆನ್‌ಡ್ರೈವನ್ನು ಈ ಕವರಿನಲ್ಲಿ ಕಳಿಸುತ್ತಿಲ್ಲ. ಅದು ಅಂಗಡಿಯಲ್ಲೇ ಇರಲಿ ಎಂದು ಧನಲಕ್ಷ್ಮಿ ಹೇಳುತ್ತಾಳೆ, ಕೆಟ್ಟರೆ ಅವಳೇ ಹಾಕುತ್ತಾಳಂತೆ.

ನಾಳೆ ಸೋಮವಾರ. ಒಂಬತ್ತೂವರೆಗೆ ಅಂಗಡಿ ತೆಗೆಯುತ್ತೇವೆ, ಮುನಿಯಪ್ಪನವರು ಪಹಣಿಗೆ ಬರುತ್ತಾರೆ.

ಇಂತಿ,
ದೇವರಾಜು